ಹಿಂದಲೆಯ ಕೂದಲು ಮುಂದೆ ನೆಟ್ಟರೂ ಉದುರದೇಕೆ?

ಪ್ರಶ್ನೆ: ನಮ್ಮ ಭಾವ ದಾವಣಗೆರೆಯಲ್ಲಿ ಕೂದಲು ನೆಡಿಸಿಕೊಂಡು ಬಂದಿದ್ದಾರೆ. ಹಿಂದಲೆಯಿಂದ ತೆಗೆದು ಬೋಳಾದ ಮುಂದಲೆಗೆ ನೆಟ್ಟಿದ್ದಾರಂತೆ. ಇದ್ದ ಕೂದಲೇ ನಿಲ್ಲದ ಜಾಗದಲ್ಲಿ ಇದು ಹೇಗೆ ನಿಲ್ಲುತ್ತೆ? ಸ್ಟೆಮ್ ಸೆಲ್ ಇಂಜೆಕ್ಷನ್ ಇನ್ನೂ ಒಳ್ಳೇದು ಅಂತಾರೆ, ಹೌದಾ?
– ಓದುಗರೊಬ್ಬರು, ಹರಿಹರ

ಉತ್ತರ: ಉದುರುವುದಕ್ಕೆ ಜಾಗಕ್ಕಿಂತ ಕೂದಲಿನ ಬುಡವೇ ಕಾರಣ. ನ್ಯೂಯಾರ್ಕ್‌ನ ಚರ್ಮವೈದ್ಯ ನಾರ್ಮನ್ ಒರೆಂಟ್ರೈಕ್ 1959ರಲ್ಲೇ ಇದನ್ನು ತೋರಿಸಿಕೊಟ್ಟರು. ಹಿಂದಲೆಯ ಚರ್ಮದ ತುಣುಕನ್ನು ಬೋಳು ಜಾಗಕ್ಕೆ ಕೂರಿಸಿದರೂ ಕೂದಲು ಬೆಳೆಯಿತು. ಬೋಳು ತುಣುಕನ್ನು ಕೂದಲಿದ್ದ ಕಡೆ ಕೂರಿಸಿದರೂ ಬೋಳಾಗಿಯೇ ಉಳಿಯಿತು.

ಇದು ಭತ್ತದ ನಾಟಿಯ ಹಾಗೆ: ಭದ್ರಾ ನಾಲೆಯ ಗದ್ದೆಗಳಲ್ಲಿ ಸಸಿ ಮಡಿಯಿಂದ ಕಿತ್ತು ಎಲ್ಲಿ ನೆಟ್ಟರೂ ಸೋನಾ ಮಸೂರಿ ಸೋನಾ ಮಸೂರಿಯೇ. ಆದರೆ ಭತ್ತದಲ್ಲಿ ತಳಿಗೊಂದು ಜೀನ್ ಗುಂಪು. ಒಬ್ಬನೇ ಮನುಷ್ಯನ ಮುಂದಲೆ, ಹಿಂದಲೆಗಳಲ್ಲಿ ಇರುವುದು ಅವೇ ಜೀನ್‌ಗಳು. ವ್ಯತ್ಯಾಸವೇನಿದ್ದರೂ ಅವುಗಳ ಬಳಕೆಯಲ್ಲಿ.

ಗಡ್ಡವನ್ನು ದಟ್ಟವಾಗಿಸುವ ಡಿಎಚ್‌ಟಿ ಹಾರ್ಮೋನೇ ನೆತ್ತಿಯ ಕೂದಲ ಬುಡವನ್ನು ಸೊರಗಿಸುತ್ತದೆ. ಹಿಂದಲೆಯ ಬುಡಗಳು ಅದಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ಈ ಹಾರ್ಮೋನನ್ನು ಗುರುತಿಸುವ ಪ್ರೋಟೀನಿನ ಜೀನ್ ಮೇಲೆ, ಹಿಂದಲೆಯಲ್ಲಿ ಮೀಥೈಲ್ ಎಂಬ ರಾಸಾಯನಿಕ ಗುರುತುಗಳು ಹೆಚ್ಚಿರುವುದು ಸಂಶೋಧನೆಯಲ್ಲಿ ಕಂಡುಬಂದಿದೆ. ಇಂಥ ಗುರುತು ಬಿದ್ದ ಜೀನ್ ಸಾಮಾನ್ಯವಾಗಿ ಸುಮ್ಮನಿರುತ್ತದೆ. ಕೋಶ ಎರಡಾಗಿ ಒಡೆಯುವಾಗ ಕಿಣ್ವವೊಂದು ಡಿಎನ್‌ಎಯ ಹಳೆಯ ಎಳೆಯಲ್ಲಿನ ಗುರುತು ನೋಡಿ ಹೊಸ ಎಳೆಗೂ ಹಾಕುತ್ತದೆ. ಕೋಶದ ನೆನಪು ತಲೆಮಾರು ದಾಟುವ ಬಗೆಗಳಲ್ಲಿ ಇದೂ ಒಂದು.

ನೆಟ್ಟ ಕೂದಲು ಕೆಲವೇ ವಾರಗಳಲ್ಲಿ ಉದುರಿದರೆ ಭಾವನವರು ಗಾಬರಿಯಾಗಬೇಕಿಲ್ಲ. ಚರ್ಮದೊಳಗೆ ಬುಡದ ಬದಿಯ ಸಣ್ಣ ಉಬ್ಬಿನಲ್ಲಿ ಕಾಂಡಕೋಶಗಳು (ಸ್ಟೆಮ್ ಸೆಲ್) ಉಳಿದಿರುತ್ತವೆ. ಮೂರು ನಾಲ್ಕು ತಿಂಗಳಲ್ಲಿ ಹೊಸ ಕೂದಲು ಮೂಡುತ್ತದೆ. ಆದರೆ ಅಕ್ಕಪಕ್ಕದ ಹಳೆಯ ಕೂದಲು ತನ್ನ ಚಾಳಿ ಬಿಡುವುದಿಲ್ಲ, ಉದುರುತ್ತಲೇ ಹೋಗಬಹುದು.

ಇನ್ನು ಇಂಜೆಕ್ಷನ್. ಬೇರೆಡೆಯಿಂದ ತೆಗೆದ ಕಾಂಡಕೋಶಕ್ಕೂ ಅದರದೇ ನೆನಪಿರುತ್ತದೆ. ಹೊಟ್ಟೆಯ ಕೊಬ್ಬಿನಿಂದ ಬಂದದ್ದು ನೆತ್ತಿಗೆ ಚುಚ್ಚಿದ ಮಾತ್ರಕ್ಕೆ ಕೂದಲ ಬುಡವಾಗಿಬಿಡದು. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆಗಳಂಥವುಗಳಿಗೆ ಮಾಡುವ ಅಸ್ಥಿಮಜ್ಜೆಯ ಕಾಂಡಕೋಶ ಕಸಿ ಬಿಟ್ಟರೆ, ಮಿಕ್ಕದ್ದೆಲ್ಲ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ನಡೆಯಬೇಕು. ಯಾರಾದರೂ ಇಂಜೆಕ್ಷನ್‌ಗೆ ಕರೆದರೆ, ದರ ಕೇಳುವ ಮೊದಲು ವೈದ್ಯಕೀಯ ಪ್ರಯೋಗಗಳ ರಾಷ್ಟ್ರೀಯ ದಾಖಲೆಯಾದ ಸಿಟಿಆರ್‌ಐನಲ್ಲಿ ಆ ಪ್ರಯೋಗದ ನೋಂದಣಿ ಸಂಖ್ಯೆ ಕೇಳಿ.