ಬ್ರೇಕ್ ಡ್ರಮ್ಮಿನ ತುಕ್ಕು: ಬಣ್ಣದ ಡಬ್ಬಿ ತೆರೆಯುವ ಮೊದಲು

ಈ ವಾರ ಬೆಳೆ ಬಿಟ್ಟು ಗಾಡಿಯ ವಿಷಯಕ್ಕೆ ಬರೋಣ. ನಾವು ಬೆಳೆದ ತರಕಾರಿ ಮಾರುಕಟ್ಟೆ ಸೇರೋದು ಪಿಕಪ್‌ನಲ್ಲೋ ಚಿಕ್ಕ ಗೂಡ್ಸ್ ಗಾಡಿಯಲ್ಲೋ. ಈ ಗಾಡಿಗಳ ಹಿಂದಿನ ಚಕ್ರದಲ್ಲಿ ಇವತ್ತಿಗೂ ಹೆಚ್ಚಾಗಿ ಡ್ರಮ್ ಬ್ರೇಕೇ ಇರುತ್ತೆ. ಮಳೆಗಾಲ ಮುಗಿಯುವ ಹೊತ್ತಿಗೆ ಚಕ್ರದ ತೂತಿನಿಂದ ಇಣುಕಿದರೆ ಡ್ರಮ್ಮು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತೆ. "ಅಣ್ಣ, ಇದಕ್ಕೆ ಏನು ಹಚ್ಚಬೇಕು?" ಅಂತ ಹುಡುಗರು ಫೋಟೋ ಕಳಿಸ್ತಾರೆ. ಹಚ್ಚೋದು ಕೊನೆಯ ಕೆಲಸ. ಅದಕ್ಕೂ ಮೊದಲು ನೋಡಬೇಕಾದ್ದು ಬಹಳ ಇದೆ.

ಡ್ರಮ್ ಮಾಡಿರೋದು ಬೀಡಿನಿಂದ, ಅಂದರೆ ಕಾಸ್ಟ್ ಐರನ್‌ನಿಂದ. ಬಿಸಿ ತಡೆಯುತ್ತೆ, ಸವೆತ ತಡೆಯುತ್ತೆ, ಅಗ್ಗ. ಆದರೆ ನೀರು ಮತ್ತು ಗಾಳಿ ಸಿಕ್ಕರೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತೆ. ನಮ್ಮ ಗಾಡಿಗಳಲ್ಲಿ ಇದು ಇನ್ನೂ ಜೋರು. ಕೊಟ್ಟಿಗೆ ಗೊಬ್ಬರದ ತೇವ, ಗಂಜಲ, ಚೀಲದಿಂದ ಉದುರಿದ ಪೊಟ್ಯಾಷ್ ಎಲ್ಲವೂ ಉಪ್ಪಿನ ಸಂಬಂಧಿಗಳೇ. ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡ್ ಕಬ್ಬಿಣಕ್ಕೆ ಮಾಡೋದೂ ಕಡಲ ಗಾಳಿ ಮಾಡುವ ಕೆಲಸವನ್ನೇ. ಕರಾವಳಿಯ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತುಕ್ಕು ಎರಡು ಜಾಗದಲ್ಲಿ ಇರುತ್ತೆ, ಎರಡರ ಲೆಕ್ಕವೂ ಬೇರೆ. ಒಳಗೆ, ಬ್ರೇಕ್ ಶೂ ತಾಗುವ ಮೈಯಲ್ಲಿ ತೆಳ್ಳಗೆ ಬಂದ ತುಕ್ಕು ನಾಲ್ಕೈದು ಸಲ ಬ್ರೇಕ್ ಒತ್ತಿದರೆ ತಾನೇ ಉಜ್ಜಿ ಹೋಗುತ್ತೆ. ಅದಕ್ಕೆ ಡ್ರಮ್ ಬಿಚ್ಚೋದು ದಂಡ. ಗಾಡಿ ತಿಂಗಳುಗಟ್ಟಲೆ ನಿಂತು ಒಳಮೈಯಲ್ಲಿ ಗುಳಿ ಬಿದ್ದಿದ್ದರೆ ಮಾತ್ರ ಬೇರೆ ಮಾತು. ಹೊರಗಿನ ತುಕ್ಕು ಬ್ರೇಕ್ ಹಿಡಿಯುವುದಕ್ಕೆ ಅಡ್ಡಿ ಮಾಡೋದಿಲ್ಲ. ಆದರೆ ಪದರ ಪದರವಾಗಿ ಏಳುತ್ತಿದ್ದರೆ ಡ್ರಮ್ಮನ್ನು ಹಬ್‌ಗೆ ಅಂಟಿಸಿಬಿಡುತ್ತೆ, ಜೊತೆಗೆ ಬಿರುಕನ್ನು ಮುಚ್ಚಿಡುತ್ತೆ. ನಾವು ಹೊರಗಿನ ತುಕ್ಕು ತೆಗೆಯೋದು ಅಂದಕ್ಕೆ ಅಂತಲೇ ಇರಲಿ, ಲಾಭ ಮಾತ್ರ ಇಲ್ಲಿದೆ.

ಬಿಚ್ಚುವಾಗ

ಸಮತಟ್ಟಾದ ಗಟ್ಟಿ ನೆಲ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲೋ ಮರದ ತುಂಡೋ ಕೊಡಿ. ಚಕ್ರದ ನಟ್ ಸಡಿಲಿಸಿ, ಜಾಕಿ ಎತ್ತಿ, ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕಿ ನಂಬಿ ಕೈ ಹಾಕೋದು ಬೇಡವೇ ಬೇಡ. ಈಗ ಹ್ಯಾಂಡ್ ಬ್ರೇಕ್ ಬಿಡಿ, ಇಲ್ಲದಿದ್ದರೆ ಶೂಗಳು ಡ್ರಮ್ಮನ್ನು ಕಚ್ಚಿ ಹಿಡಿದಿರುತ್ತವೆ. ಆಮೇಲೂ ಬರದಿದ್ದರೆ ಅಡ್ಜಸ್ಟರ್ ಸಡಿಲಿಸಿ. ಹಬ್ ಸುತ್ತ ತುಕ್ಕು ಬಿಡಿಸುವ ಎಣ್ಣೆ ಸ್ವಲ್ಪ ಬಿಟ್ಟು, ಸ್ಟಡ್‌ಗಳ ನಡುವಿನ ಜಾಗಕ್ಕೆ ಸುತ್ತಿಗೆಯಿಂದ ತಟ್ಟಿ. ಅಂಚಿಗೆ ಹೊಡೆದರೆ ಬೀಡು ಒಡೆಯುತ್ತೆ, ಬಗ್ಗೋದಿಲ್ಲ. ಹಲವು ಡ್ರಮ್‌ಗಳ ಮುಖದಲ್ಲಿ ಮರೆ ಇರುವ ಎರಡು ತೂತು ಇರುತ್ತವೆ. ಅದಕ್ಕೆ ಸರಿಯಾದ ಬೋಲ್ಟ್ ಹಾಕಿ ಎರಡನ್ನೂ ಸಮವಾಗಿ ತಿರುಗಿಸುತ್ತಾ ಹೋದರೆ ಡ್ರಮ್ ತಾನೇ ಹೊರಗೆ ಬರುತ್ತೆ. ಆ ತೂತು ಯಾಕಿದೆ ಅಂತ ಗೊತ್ತಿಲ್ಲದೆ ಅರ್ಧ ದಿನ ಸುತ್ತಿಗೆ ಬೀಸುವವರನ್ನು ನೋಡಿದ್ದೇನೆ.

ಡ್ರಮ್ ಹೊರಗೆ ಇರುವಾಗ ಯಾರೂ ಬ್ರೇಕ್ ಪೆಡಲ್ ಒತ್ತಬಾರದು. ಒತ್ತಿದರೆ ವೀಲ್ ಸಿಲಿಂಡರಿನ ಪಿಸ್ಟನ್ ಆಚೆ ಬಂದು ಬ್ರೇಕ್ ಆಯಿಲ್ ಸುರಿದುಹೋಗುತ್ತೆ. ಗಾಡಿಯಲ್ಲಿ ಮಕ್ಕಳು ಆಡ್ತಾ ಕೂತಿದ್ದರೆ ಮೊದಲು ಇಳಿಸಿ.

ಒಳಗಿನ ಕಪ್ಪು ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರಬಹುದು. ಅದು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರೋದಿಲ್ಲ. ಸೋಪು ನೀರನ್ನು ಸ್ಪ್ರೇಯರ್‌ನಲ್ಲಿ ಹಾಕಿ ಒದ್ದೆ ಮಾಡಿ, ಹಳೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹಾಕಿ. ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ.

ಮೊದಲು ತಟ್ಟಿ ನೋಡಿ

ಡ್ರಮ್ಮನ್ನು ಹಗ್ಗಕ್ಕೆ ನೇತುಹಾಕಿ ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಂಟೆಯ ಹಾಗೆ 'ಠಣ್' ಅಂದು ನಾದ ಉಳಿದರೆ ಒಳ್ಳೆಯದು. 'ಟಕ್' ಅಂತ ಸತ್ತ ಸದ್ದು ಬಂದರೆ ಬಿರುಕಿನ ಅನುಮಾನ ಪಡಿ. ಮಡಕೆ ಕೊಳ್ಳುವಾಗ ನಮ್ಮ ಅಜ್ಜಿಯರು ಬೆರಳಲ್ಲಿ ತಟ್ಟಿ ನೋಡುತ್ತಿದ್ದದ್ದೂ ಇದೇ ಪರೀಕ್ಷೆ. ನಮ್ಮ ಪಕ್ಕದೂರಿನ ಹುಡುಗನೊಬ್ಬ ಸೆಕೆಂಡ್ ಹ್ಯಾಂಡ್ ಪಿಕಪ್ ತಂದಿದ್ದ. ಡ್ರಮ್‌ಗಳಿಗೆ ಫಳಫಳ ಬೆಳ್ಳಿ ಬಣ್ಣ. ನಾಲ್ಕು ಸಲ ತಟ್ಟಿದೆವು, ಒಂದು ಡ್ರಮ್ ನಾದವನ್ನೇ ಕೊಡಲಿಲ್ಲ. ಬಣ್ಣ ಕೆರೆದಾಗ ಸ್ಟಡ್ ತೂತಿನಿಂದ ಅಂಚಿನವರೆಗೆ ಕೂದಲೆಳೆಯಷ್ಟು ಬಿರುಕು. ಅವನು ಟೊಮೆಟೊ ಕ್ರೇಟ್ ತುಂಬಿಕೊಂಡು ವಾರಕ್ಕೆ ಮೂರು ಸಲ ಘಾಟಿ ಇಳಿಯುವವನು. ಮಾರಿದವರು ಗೊತ್ತಿದ್ದೇ ಬಣ್ಣ ಹೊಡೆದರೋ ಇಲ್ಲವೋ, ಆ ವಾದ ಬೇಡ. ಬಿರುಕು ಬಿಟ್ಟ ಡ್ರಮ್ಮಿಗೆ ವೆಲ್ಡಿಂಗ್ ಮದ್ದಲ್ಲ. ಅದು ಗುಜರಿಗೇ ಹೋಗಬೇಕು.

ಆಮೇಲೆ ಅಳತೆ. ಡ್ರಮ್ಮಿನ ಮೇಲೆ 'ಮ್ಯಾಕ್ಸ್ ಡಯಾ' ಅಂತ ಮಿಲಿಮೀಟರ್ ಲೆಕ್ಕದಲ್ಲಿ ಒಂದು ಸಂಖ್ಯೆ ಎರಕದಲ್ಲೇ ಮೂಡಿರುತ್ತೆ. ತುಕ್ಕು ಉಜ್ಜಿದ ಮೇಲೆಯೇ ಅದು ಕಾಣೋದು. ಒಳವ್ಯಾಸ ಆ ಸಂಖ್ಯೆ ಮುಟ್ಟಿದ್ದರೆ ಹೊಸದು ತನ್ನಿ. ಗುಳಿ, ಗೀರು ಇದ್ದು ಅಳತೆಯಲ್ಲಿ ಜಾಗ ಉಳಿದಿದ್ದರೆ ಲೇತ್‌ನಲ್ಲಿ ತಿರುವಿಸಬಹುದು. ತಿರುವಿಸಿದರೆ ಎಡ ಬಲ ಎರಡನ್ನೂ ಒಂದೇ ಅಳತೆಗೆ ತಿರುವಿಸಿ, ಇಲ್ಲದಿದ್ದರೆ ಬ್ರೇಕ್ ಹೊಡೆದಾಗ ಗಾಡಿ ಒಂದು ಕಡೆಗೆ ಎಳೆಯಬಹುದು.

ತುಕ್ಕು ತೆಗೆಯೋದು

ಹೊರಮೈಗೆ ವೈರ್ ಬ್ರಷ್ಷೇ ಸಾಕು. ಡ್ರಿಲ್ಲಿಗೆ ಹಾಕುವ ಬಟ್ಟಲಿನಾಕಾರದ ವೈರ್ ಬ್ರಷ್ ಇದ್ದರೆ ಇಪ್ಪತ್ತು ನಿಮಿಷದ ಕೆಲಸ. ಮೂಲೆಗಳಿಗೆ 80 ನಂಬರಿನ ಎಮರಿ ಪೇಪರ್. ಹಬ್ ಮೇಲೆ ಕೂರುವ ಚಪ್ಪಟೆ ಮುಖವನ್ನು ಹೊಳೆಯುವ ತನಕ ಉಜ್ಜಿ, ಹಬ್ಬಿನ ಮುಖವನ್ನೂ ಹಾಗೆಯೇ. ಅಲ್ಲಿ ತುಕ್ಕಿನ ಹಳಕು ಉಳಿದರೆ ಡ್ರಮ್ ಓರೆಯಾಗಿ ಕೂತು ಪೆಡಲ್ ನಡುಗುತ್ತೆ. ಒಳಮೈಯನ್ನು ಎಮರಿಯಲ್ಲಿ ಕೈಯಿಂದಲೇ ಹಗುರಾಗಿ ಉಜ್ಜಿ. ಗ್ರೈಂಡರ್ ತಗೊಂಡು ಒಳಗೆ ನುಗ್ಗಿಸಿದರೆ ಏರುತಗ್ಗಾಗುತ್ತೆ.

ಬ್ರಷ್ಷಿಗೆ ಬಗ್ಗದ ತುಕ್ಕಿಗೆ ನೆನೆಹಾಕುವ ದಾರಿ ಇದೆ. ಒಂದು ಲೀಟರ್ ನೀರಿಗೆ ಸುಮಾರು 50 ಗ್ರಾಂ ಸಿಟ್ರಿಕ್ ಆಸಿಡ್, ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೊಡ್ತಾರಲ್ಲ, ಅದೇ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ಮುಳುಗಿಸಿ, ಎರಡು ಗಂಟೆಗೊಮ್ಮೆ ತೆಗೆದು ಬ್ರಷ್ ಹಾಕಿ ನೋಡಿ. ತುಕ್ಕು ಬಿಟ್ಟ ಕೂಡಲೇ ಆಚೆ ತೆಗೆಯಿರಿ. ಮರೆತು ಎರಡು ದಿನ ಬಿಟ್ಟರೆ ಆಮ್ಲ ಕಬ್ಬಿಣವನ್ನೇ ತಿಂದು, ಬೀಡಿನಲ್ಲಿರುವ ಗ್ರಾಫೈಟ್ ಕಪ್ಪು ಮಸಿಯಾಗಿ ಮೇಲೆ ಉಳಿಯುತ್ತೆ. ತೆಗೆದ ಮೇಲೆ ಅಡುಗೆ ಸೋಡಾ ನೀರಲ್ಲಿ ಅದ್ದಿ, ಚೆನ್ನಾಗಿ ತೊಳೆದು, ಬಿಸಿಲಲ್ಲೋ ಹೀಟ್ ಗನ್‌ನಲ್ಲೋ ತಕ್ಷಣ ಒಣಗಿಸಿ. ತಡ ಮಾಡಿದರೆ ಅರ್ಧ ಗಂಟೆಯಲ್ಲೇ ಹಳದಿ ತುಕ್ಕು ಮತ್ತೆ ಹಾಯುತ್ತೆ.

ಜೀವಾಮೃತ ಮಾಡುವ ಮನೆಗಳಲ್ಲಿ ಬೆಲ್ಲ, ಕಾಕಂಬಿ ಇದ್ದೇ ಇರುತ್ತೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಹಾಕಿ ಎರಡು ವಾರ ನೆನೆಸಿದರೂ ತುಕ್ಕು ಬಿಡುತ್ತೆ. ಕುಡುಗೋಲು, ಸನಿಕೆಗೆ ನನಗೆ ಇಷ್ಟವಾದ ದಾರಿ ಅದು. ಡ್ರಮ್ಮಿಗೆ ಬೇಡ ಅಂತೀನಿ. ಅಷ್ಟು ದಿನ ಗಾಡಿ ನಿಲ್ಲಿಸೋಕಾಗಲ್ಲ, ಬೀಡನ್ನು ಅದೂ ನಿಧಾನಕ್ಕೆ ತಿನ್ನುತ್ತೆ, ವಾಸನೆಯಂತೂ ಕೇಳಬೇಡಿ.

ಟಾಯ್ಲೆಟ್ ತೊಳೆಯುವ ಆಸಿಡ್ ಬೇಡ. ಅದರ ಕ್ಲೋರೈಡ್ ಬೀಡಿನ ಸಣ್ಣ ರಂಧ್ರಗಳಲ್ಲಿ ಕೂತು ಬಣ್ಣದ ಅಡಿಯಿಂದಲೇ ತುಕ್ಕು ಏಳಿಸುತ್ತೆ. ಬೈಕಿನ ಹಿಂದಿನ ಚಕ್ರವನ್ನು ಯಾವ ಆಮ್ಲದಲ್ಲೂ ಅದ್ದಬೇಡಿ. ಅಲ್ಲಿ ಹೆಚ್ಚಾಗಿ ಅಲ್ಯುಮಿನಿಯಂ ಹಬ್ಬಿನೊಳಗೆ ಬೀಡಿನ ಬಳೆ ಕೂರಿಸಿರುತ್ತಾರೆ, ಆಮ್ಲಕ್ಕೆ ಮೊದಲು ಕರಗೋದು ಅಲ್ಯುಮಿನಿಯಂ. ಅದಕ್ಕೆ ಎಮರಿಯೊಂದೇ. ಇನ್ನು ಟ್ರ್ಯಾಕ್ಟರಿನಲ್ಲಿ ಎಣ್ಣೆಯಲ್ಲಿ ಮುಳುಗಿರುವ ಬ್ರೇಕ್ ಇದ್ದರೆ, ಲಾರಿಯಲ್ಲಿ ಏರ್ ಬ್ರೇಕ್ ಇದ್ದರೆ ಮೆಕ್ಯಾನಿಕ್ ಹತ್ತಿರವೇ ಹೋಗಿ.

ನೆನೆಸಿದ ನೀರು, ಕೆರೆದ ಬಣ್ಣದ ಪುಡಿ ಮಡಿಗೂ ಬೇಡ, ಬಾವಿ ಪಕ್ಕವೂ ಬೇಡ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು.

ಬಣ್ಣ

ನಿಂಬೆ ಗಿಡದಲ್ಲಿ ಅಂಟು ಸೋರುವ ಗಾಯ ಆದಾಗ ಕೊಳೆತ ತೊಗಟೆ ಕೆರೆದ ಮೇಲೆಯೇ ಬೋರ್ಡೋ ಪೇಸ್ಟ್ ಹಚ್ಚುತ್ತೇವಲ್ಲ, ಇಲ್ಲೂ ಅದೇ. ಸಡಿಲ ತುಕ್ಕಿನ ಮೇಲೆ ಹಚ್ಚಿದ್ದು ತುಕ್ಕಿನ ಜೊತೆಗೇ ಉದುರುತ್ತೆ. ಕಿಟಕಿಗೆ ಹೊಡೆಯುವ ಎನಾಮಲ್ ಬೇಡ. ತೂಕ ಹೊತ್ತು ಘಾಟಿ ಇಳಿಯುವಾಗ ಡ್ರಮ್ಮಿನ ಬಿಸಿ 200 ಡಿಗ್ರಿ ದಾಟಬಹುದು, ಆ ಬಣ್ಣ ಸುಟ್ಟು ಸಿಪ್ಪೆ ಏಳುತ್ತೆ. ಬಿಸಿ ತಡೆಯುವ ಸ್ಪ್ರೇ ಬಣ್ಣ ಕೇಳಿ, ಡಬ್ಬಿಯ ಮೇಲೆ ಎಷ್ಟು ಡಿಗ್ರಿ ಅಂತ ಬರೆದಿರುತ್ತೆ.

ಮೂರು ಜಾಗಕ್ಕೆ ಬಣ್ಣ ತಾಗಬಾರದು: ಶೂ ಉಜ್ಜುವ ಒಳಮೈ, ಹಬ್ ಮೇಲೆ ಕೂರುವ ಮುಖ, ಚಕ್ರ ಬಂದು ಒರಗುವ ಮುಖ. ಇಲ್ಲೆಲ್ಲ ಟೇಪ್, ಪೇಪರ್ ಅಂಟಿಸಿ. ಚಕ್ರದ ಕೆಳಗೆ ದಪ್ಪ ಬಣ್ಣ ಇದ್ದರೆ ಓಡುತ್ತಾ ಅದು ಪುಡಿಯಾಗಿ ನಟ್ ಸಡಿಲವಾಗುತ್ತೆ. ತೆಳ್ಳಗೆ ಎರಡು ಮೂರು ಕೋಟ್, ನಡುವೆ ಒಣಗಲು ಬಿಡಿ. ಬೆಳ್ಳಿಯೋ ಕಪ್ಪೋ ನಿಮ್ಮಿಷ್ಟ. ನನಗೆ ಕಪ್ಪೇ ಸರಿ, ಕೆಸರು ಬಿದ್ದರೂ ಮಾನ ಉಳಿಯುತ್ತೆ.

ಕೂರಿಸುವ ಮೊದಲು ಒಳಮೈಯನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಡೀಸೆಲ್, ಸೀಮೆಎಣ್ಣೆ ಹಾಕಿದರೆ ಜಿಡ್ಡು ಉಳಿದು ಬ್ರೇಕ್ ಜಾರುತ್ತೆ. ತುಕ್ಕು ಬರದಿರಲಿ ಅಂತ ಒಳಗೆ ಗ್ರೀಸ್ ಸವರುವವರೂ ಇದ್ದಾರೆ, ಅದು ಬ್ರೇಕೇ ಇಲ್ಲದ ಗಾಡಿ ಓಡಿಸಿದ ಹಾಗೆ. ಲೈನಿಂಗ್‌ಗೆ ಆಯಿಲ್ ತಾಗಿದ್ದರೆ, ರಿವೆಟ್ ತಲೆ ಮೇಲೆ ಬಂದಿದ್ದರೆ ಇದೇ ಸಮಯಕ್ಕೆ ಬದಲಿಸಿ. ಡ್ರಮ್ ಹಾಕಿ, ಶೂ ಅಡ್ಜಸ್ಟ್ ಮಾಡಿ, ಚಕ್ರದ ನಟ್‌ಗಳನ್ನು ಎದುರುಬದುರಾಗಿ ಬಿಗಿ ಮಾಡಿ. ಗಾಡಿ ಕದಲಿಸುವ ಮೊದಲೇ ಪೆಡಲ್ ನಾಲ್ಕು ಸಲ ಒತ್ತಿ ಗಟ್ಟಿಯಾಗಿದೆಯಾ ನೋಡಿ. ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ ಹತ್ತು ಸಲ ಬ್ರೇಕ್ ಹಾಕಿ, ಆಮೇಲೆ ಲೋಡ್. ಮೊದಲ 50 ಕಿ.ಮೀ. ಆದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿ.

ಇನ್ನು ಮುಂದೆ ಗಾಡಿ ತೊಳೆದ ಮೇಲೆ ಹಾಗೇ ಶೆಡ್ಡಿಗೆ ನಿಲ್ಲಿಸಬೇಡಿ. ಒಂದು ಸುತ್ತು ಓಡಿಸಿ, ಬ್ರೇಕ್ ಹಗುರಾಗಿ ಒತ್ತುತ್ತಾ ಡ್ರಮ್ ಒಣಗಿಸಿ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವುದಾದರೆ ಸಮತಟ್ಟಿನಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟಿಡಿ. ಎಳೆದಿಟ್ಟರೆ ಒದ್ದೆ ಶೂ ತುಕ್ಕಿನಲ್ಲಿ ಡ್ರಮ್ಮಿಗೆ ಅಂಟಿಕೊಳ್ಳುತ್ತೆ, ಸಂತೆಯ ದಿನ ಬೆಳಗ್ಗೆ ನಾಲ್ಕಕ್ಕೆ ಗಾಡಿ ಕದಲೋದೇ ಇಲ್ಲ.