ಭೂಮಿ ಮುಳುಗಿದ ಒಕ್ಕಲಿಗನು ನಡುವಯಸ್ಸಿನಲ್ಲಿ ಉದ್ಯೋಗವನ್ನು ಆರಿಸಿಕೊಳ್ಳುವ ಬಗೆ

ಕೃಷ್ಣಾ ನದಿಯ ದಂಡೆಯ ಮೇಲಿದ್ದ ಹಳೆಯ ಕೊಲ್ಹಾರವು ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಸಿಕ್ಕಿ, ಊರು ಎತ್ತರದ ನೆಲೆಗೆ ಸರಿದ ಸಂಗತಿಯು ಈ ಭಾಗದ ವಾಚಕರಿಗೆಲ್ಲ ತಿಳಿದದ್ದೇ ಆಗಿದೆ. 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟ ಈ ಆಣೆಕಟ್ಟನ್ನು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ನಾಡಿಗೆ ಅರ್ಪಿಸಿದರು. 519.60 ಮೀಟರಿನ ಮಟ್ಟದವರೆಗೆ ನೀರು ನಿಲ್ಲಿಸುವ ವ್ಯವಸ್ಥೆಯಿಂದಲೇ ಅನೇಕ ಗ್ರಾಮಗಳ ಭೂಮಿಯು ಹೋಯಿತು. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು 2010ರ ತೀರ್ಪಿನಲ್ಲಿ ಈ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿಗೆಯಿತ್ತಿದೆ. ಆದುದರಿಂದ ಭೂಮಿಯನ್ನು ಬಿಟ್ಟು ಬೇರೆ ಜೀವನೋಪಾಯವನ್ನು ಹುಡುಕಬೇಕಾದ ಪ್ರಸಂಗವು ಮುಗಿದುಹೋದ ಕಥೆಯಲ್ಲ. ಗ್ರಾಮದ ಹಿರಿಯರೂ ಭೂಮಿಯುಳ್ಳವರೂ ಈ ವಿಷಯವನ್ನು ಮುಂಚಿತವಾಗಿಯೇ ವಿಚಾರಿಸಿಟ್ಟುಕೊಳ್ಳುವದು ಹಿತಕರವು.

ಇಪ್ಪತ್ತು ವರ್ಷದ ತರುಣನಿಗೆ ಭೂಮಿ ಹೋದರೆ ಅವನು ಎರಡು ಮೂರು ವರ್ಷ ಹೊಸ ವಿದ್ಯೆಯನ್ನು ಕಲಿಯಬಲ್ಲನು. ಅರುವತ್ತರ ಮುದುಕನನ್ನು ಮಕ್ಕಳು ಸಾಕುವರು. ನಲವತ್ತು ನಲವತ್ತೈದರ ಒಕ್ಕಲಿಗನ ಸ್ಥಿತಿಯೇ ಎಲ್ಲಕ್ಕೂ ಕಠಿಣವಾದದ್ದು. ಮಕ್ಕಳ ಶಾಲೆ, ಮಗಳ ಮದುವೆ, ತಂದೆತಾಯಿಗಳ ಔಷಧೋಪಚಾರ ಇವೆಲ್ಲವೂ ಒಂದೇ ಕಾಲಕ್ಕೆ ಅವನ ಮೇಲಿರುತ್ತವೆ. ನೆರೆಯ ಕೂಡಗಿಯಲ್ಲಿ 2400 ಮೆಗಾವ್ಯಾಟ್ ಶಕ್ತಿಯ ವಿದ್ಯುತ್ ಸ್ಥಾವರವಿದೆ. ಆದರೆ ಇಂಥ ಸ್ಥಾವರಗಳ ಕುಶಲ ಕೆಲಸಕ್ಕೆ ಐಟಿಐ ಅಥವಾ ಡಿಪ್ಲೊಮಾ ಪ್ರಮಾಣಪತ್ರವನ್ನೂ ವಯಸ್ಸಿನ ಮಿತಿಯನ್ನೂ ಕೇಳುವರು. ಹೀಗಾಗಿ ಅವನು ದಿನಗೂಲಿಗೆ ಇಳಿಯುವನು, ಇಲ್ಲವೆ ಪರಿಹಾರದ ಹಣದಿಂದ ಅರಿಯದ ವ್ಯಾಪಾರಕ್ಕೆ ಕೈಹಾಕುವನು. ಮೊದಲನೆಯದರಲ್ಲಿ ಅವನ ಅನುಭವವು ವ್ಯರ್ಥವಾಗುವದು. ಎರಡನೆಯದರಲ್ಲಿ ಹಣವು ಕರಗುವದು.

ತಪ್ಪಾಗುವದು ಪ್ರಶ್ನೆಯನ್ನು ಕೇಳುವ ಬಗೆಯಲ್ಲಿ. “ಎಲ್ಲಿ ಕೆಲಸವಿದೆ?” ಎಂದು ಆತನು ಎಲ್ಲರನ್ನೂ ಕೇಳುತ್ತ ತಿರುಗುವನು. ಅದಕ್ಕಿಂತ ಮುಂಚೆ “ನನ್ನ ಕೈಗೆ ಯಾವ ಕೆಲಸ ಬರುತ್ತದೆ? ಅದು ಯಾರಿಗೆ ಬೇಕಾಗಿದೆ?” ಎಂದು ಕೇಳಿಕೊಳ್ಳಬೇಕು. ನೀರು ನೆಲವನ್ನು ಮುಳುಗಿಸೀತು; ಆ ನೆಲದಲ್ಲಿ ದುಡಿದು ಬಂದ ಜ್ಞಾನವನ್ನು ಮುಳುಗಿಸಲಾರದು.

ಇದಕ್ಕೆ ಕೊಲ್ಹಾರದ ಮೊಸರೇ ಸಾಕ್ಷಿ. ಊರಿನ ಜಾಗವು ಬದಲಾದರೂ ಮೊಸರಿನ ಹೆಸರು ಬದಲಾಗಲಿಲ್ಲ. ಎಮ್ಮೆಯ ಹಾಲಿನಲ್ಲಿ ಕೊಬ್ಬಿನ ಅಂಶವು ಆಕಳ ಹಾಲಿನದಕ್ಕಿಂತ ಹೆಚ್ಚು. ಅದನ್ನು ಚೆನ್ನಾಗಿ ಕಾಯಿಸಿದರೆ ನೀರಿನಂಶವು ಇಳಿಯುವದು. ಹೆಪ್ಪು ಹಾಕಿದ ಮೇಲೆ ಮಣ್ಣಿನ ಗಡಿಗೆಯ ಸಣ್ಣ ರಂಧ್ರಗಳು ಉಳಿದ ನೀರನ್ನು ಹೀರಿಕೊಳ್ಳುವವು. ಗಡಿಗೆಯನ್ನು ಬೋರಲು ಹಾಕಿದರೂ ಮೊಸರು ಬೀಳದೆಂಬ ಖ್ಯಾತಿಯು ಬಂದದ್ದು ಈ ಕಾರಣಗಳಿಂದಲೇ. ಈ ವಿದ್ಯೆಯು ಹಾಲು ಕಾಯಿಸುವವರ ಕೈಯಲ್ಲಿಯೂ, ಎಮ್ಮೆಯನ್ನು ಆರಿಸುವವರ ಕಣ್ಣಿನಲ್ಲಿಯೂ, ಕುಂಬಾರನ ತಿಗರಿಯ ಮೇಲೆಯೂ ಇದ್ದುದರಿಂದ ಜನರೊಡನೆ ತಾನೂ ಹೊಸ ಊರಿಗೆ ಬಂದಿತು.

ಹಾಗೆಂದು ಭೂಮಿ ಹೋದವರೆಲ್ಲರೂ ಮೊಸರಿನ ವ್ಯಾಪಾರವನ್ನೇ ಹಿಡಿಯಬೇಕೆಂದಲ್ಲ. ಹಯನದಲ್ಲಿಯೂ ಲೆಕ್ಕವಿದೆ. ಎಮ್ಮೆಯು ಈದ ಮೇಲೆ ಸುಮಾರು ಹತ್ತು ತಿಂಗಳು ಹಿಂಡಿ, ತರುವಾಯ ಬತ್ತುವದು. ಬತ್ತಿದ ತಿಂಗಳುಗಳ ಮೇವಿನ ವೆಚ್ಚವನ್ನು ಎಣಿಸದವನು ನಷ್ಟಕ್ಕೆ ಬೀಳುವನು. ಎರಡು ಎಮ್ಮೆಗಳು ಒಂದೇ ಕಾಲಕ್ಕೆ ಈಯದಂತೆ ನೋಡಿಕೊಂಡರೆ ಹಾಲು ವರ್ಷವಿಡೀ ದೊರೆಯುವದು. ಹಸಿಮೇವಿಗೆ ಭೂಮಿಯಿಲ್ಲದವನು ಹೊಟ್ಟು ಕಣಿಕೆಗಳ ಬೆಲೆಯನ್ನು ಮೊದಲು ವಿಚಾರಿಸತಕ್ಕದ್ದು.

ನದಿಯ ದಂಡೆಯ ಒಕ್ಕಲಿಗನಲ್ಲಿ ಇದಕ್ಕಿಂತ ಬೆಲೆಯುಳ್ಳ ಇನ್ನೊಂದು ವಿದ್ಯೆಯುಂಟು. ಅದೇ ನೀರಾವರಿಯ ಒಕ್ಕಲುತನ. ಮುಳವಾಡ ಏತ ನೀರಾವರಿ ಯೋಜನೆಯಿಂದ, ತಲೆಮಾರುಗಳಿಂದ ಬಿಳಿಜೋಳ ಕಡಲೆಗಳನ್ನು ಹಿಂಗಾರಿಯ ತೇವದ ಮೇಲೆಯೇ ಬೆಳೆಯುತ್ತಿದ್ದ ಎರೆಹೊಲಗಳಿಗೆ ಕೃಷ್ಣೆಯ ನೀರು ಹರಿಯುತ್ತಿದೆ. ಆ ಹೊಲಗಳ ಒಡೆಯರಿಗೆ ಒಣಬೇಸಾಯವು ಕರತಲಾಮಲಕವು. ನೀರು ಹಾಯಿಸುವ ಕಲೆ ಹೊಸದು. ಎರೆಮಣ್ಣು ನೀರನ್ನು ಬೇಗನೆ ಬಸಿಯಗೊಡುವದಿಲ್ಲ. ಹೆಚ್ಚು ನೀರು ನಿಂತರೆ ಅಡಿಯ ಉಪ್ಪು ಮೇಲಕ್ಕೇರಿ ಭೂಮಿಯು ಸವಳಾಗುವದು. ಎಷ್ಟು ದಿನಕ್ಕೊಮ್ಮೆ ನೀರು ಬಿಡಬೇಕು, ಬಸಿಗಾಲುವೆಯನ್ನು ಎಲ್ಲಿ ತೆಗೆಯಬೇಕು, ಪಂಪು ಕೆಟ್ಟರೆ ಏನು ಮಾಡಬೇಕು ಎಂಬುದನ್ನು ದಂಡೆಯ ಒಕ್ಕಲಿಗನು ಇಪ್ಪತ್ತು ವರ್ಷ ದುಡಿದು ಕಲಿತಿರುವನು. ಒಬ್ಬನಲ್ಲಿ ನೀರು ಬಂದಿದೆ, ಅನುಭವವಿಲ್ಲ. ಇನ್ನೊಬ್ಬನಲ್ಲಿ ಅನುಭವವಿದೆ, ಹೊಲವಿಲ್ಲ. ಇವರಿಬ್ಬರನ್ನು ಕೂಡಿಸಿದರೆ ಇಬ್ಬರಿಗೂ ಲಾಭವು. ಆದರೆ ಭೂಮಿಯನ್ನು ಲಾವಣಿಗೆ ಕೊಡುವದನ್ನು ಕರ್ನಾಟಕ ಭೂಸುಧಾರಣೆ ಕಾಯಿದೆಯ 1974ರ ತಿದ್ದುಪಡಿಯು ನಿಷೇಧಿಸಿದೆ. ಆದುದರಿಂದ ಅವನನ್ನು ತಿಂಗಳ ಸಂಬಳದ ಮೇಲೆ ಕಮತದ ಮೇಲ್ವಿಚಾರಕನನ್ನಾಗಿ ನೇಮಿಸಿ, ಕರಾರನ್ನು ಕಾಗದದ ಮೇಲೆ ಬರೆದಿಡುವದು ಯುಕ್ತವು.

ಉದ್ಯೋಗವನ್ನು ಆರಿಸುವವನು ಅನುಸರಿಸಬೇಕಾದ ಕ್ರಮವು ಈ ಕೆಳಗಿನಂತಿದೆ.

(1) ಪರಿಹಾರದ ಹಣವು ಬಂದ ಮೊದಲ ಆರು ತಿಂಗಳು ಯಾವ ವ್ಯಾಪಾರದಲ್ಲಿಯೂ ಅದನ್ನು ತೊಡಗಿಸಬಾರದು. ಬಡ್ಡಿಯ ಸಾಲವನ್ನು ತೀರಿಸಿ, ಮನೆಯ ಖರ್ಚಿಗೆ ಬೇಕಾದಷ್ಟನ್ನು ತೆಗೆದಿಟ್ಟು, ಉಳಿದದ್ದನ್ನು ಬ್ಯಾಂಕಿನ ಠೇವಣಿಯಲ್ಲಿಡತಕ್ಕದ್ದು.

(2) ತನ್ನ ಕೈಗೆ ಬರುವ ಕೆಲಸಗಳ ಯಾದಿಯನ್ನು ಬರೆಯಬೇಕು. ಊರಿನವರು ಯಾವ ಕೆಲಸಕ್ಕೆ ತನ್ನನ್ನು ಕರೆಯುತ್ತಿದ್ದರು ಎಂಬುದನ್ನು ಅದರಲ್ಲಿ ಮರೆಯದೆ ಸೇರಿಸಬೇಕು. ದನದ ಗುಣ ನೋಡಲು, ಯಂತ್ರ ರಿಪೇರಿಗೆ, ಆಳುಗಳನ್ನು ದುಡಿಸಲು ಕರೆಯುತ್ತಿದ್ದರೆ ಅದೇ ಅವನ ನಿಜವಾದ ಬಂಡವಾಳವು.

(3) ಆ ಕೆಲಸವನ್ನೇ ಮಾಡುತ್ತಿರುವ ಮೂವರನ್ನು ಕಂಡು ಲಾಭವನ್ನಷ್ಟೇ ಅಲ್ಲ, ನಷ್ಟವಾದ ವರ್ಷದ ಸಂಗತಿಯನ್ನೂ ಕೇಳಬೇಕು. ಸಾಧ್ಯವಿದ್ದರೆ ಹದಿನೈದು ದಿನ ಅವರೊಡನೆ ದುಡಿದು ನೋಡಬೇಕು.

(4) ಕೊರತೆಯಿದ್ದಷ್ಟನ್ನೇ ಕಲಿಯಬೇಕು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ಸ್ವಉದ್ಯೋಗ ತರಬೇತಿ ಕೇಂದ್ರಗಳನ್ನು ನಡೆಸುತ್ತಿವೆ. ಅಲ್ಲಿ ಊಟ ವಸತಿಗಳೊಡನೆ ಉಚಿತವಾಗಿ ಕೆಲವು ವಾರಗಳ ಶಿಕ್ಷಣ ದೊರೆಯುವದು. ವಯಸ್ಸಿನ ಮಿತಿಯಿರುವದರಿಂದ ಮುಂಚಿತವಾಗಿ ವಿಚಾರಿಸಬೇಕು. ಬೆಳೆ, ಹಯನುಗಳ ವಿಷಯದಲ್ಲಿ ವಿಜಯಪುರದ ಹಿಟ್ಟಿನಹಳ್ಳಿ ಹಾಗೂ ಇಂಡಿಯ ಕೃಷಿ ವಿಜ್ಞಾನ ಕೇಂದ್ರಗಳ ಸಲಹೆಯನ್ನು ಪಡೆಯಬಹುದು.

(5) ಒಂದು ಹಂಗಾಮು ಸಣ್ಣ ಪ್ರಮಾಣದಲ್ಲಿ ನಡೆಯಿಸಿ, ದಿನದಿನದ ಜಮಾಖರ್ಚನ್ನು ಬರೆದಿಟ್ಟು, ತನ್ನ ಹಾಗೂ ಮನೆಯವರ ದುಡಿಮೆಗೂ ಕೂಲಿಯನ್ನು ಹಿಡಿದು ಲೆಕ್ಕ ನೋಡಬೇಕು. ಆಗಲೂ ಉಳಿತಾಯವಾದರೆ ಬೆಳೆಸಬೇಕು. ಇಲ್ಲವಾದರೆ ಸಂಕೋಚವಿಲ್ಲದೆ ಬಿಟ್ಟು ಯಾದಿಯ ಮುಂದಿನ ಕೆಲಸವನ್ನು ನೋಡಬೇಕು.

ಕಾಯಿದೆಯ ಒಂದು ಅಂಶವನ್ನು ಹಿರಿಯರು ತಿಳಿದಿರಬೇಕು. 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಭೂಸ್ವಾಧೀನ ಕಾಯಿದೆಯ ಎರಡನೆಯ ಅನುಸೂಚಿಯು, ಭೂಮಿಯ ಬೆಲೆಯ ಹೊರತಾಗಿ ಬಾಧಿತ ಕುಟುಂಬಕ್ಕೆ ಮೂರರಲ್ಲೊಂದನ್ನು ಆರಿಸುವ ಅವಕಾಶವನ್ನಿತ್ತಿದೆ: ಯೋಜನೆಯಿಂದ ಕೆಲಸಗಳು ಹುಟ್ಟುವಲ್ಲಿ ತರಬೇತಿಯೊಡನೆ ಒಬ್ಬರಿಗೆ ನೌಕರಿ, ಅಥವಾ ಒಂದೇ ಗಂಟಿನಲ್ಲಿ 5 ಲಕ್ಷ ರೂಪಾಯಿ, ಅಥವಾ 20 ವರ್ಷಗಳವರೆಗೆ ತಿಂಗಳಿಗೆ ಕನಿಷ್ಠ 2000 ರೂಪಾಯಿಯಂತೆ, ಬೆಲೆಯ ಸೂಚ್ಯಂಕದೊಡನೆ ಏರುವ ವರ್ಷಾಸನ. ಈ ಆಯ್ಕೆಯನ್ನು ಯಜಮಾನನು ಒಬ್ಬನೇ ಮಾಡಬಾರದು. ಮನೆಯಲ್ಲಿ ಓದಿದ ಮಗನೋ ಮಗಳೋ ಇದ್ದರೆ ನೌಕರಿಯು ದೀರ್ಘಕಾಲ ಉಪಯೋಗಕ್ಕೆ ಬರುವದು. ದುಡಿಯುವವರು ಕಡಿಮೆಯಿದ್ದರೆ ವರ್ಷಾಸನವು ಊರುಗೋಲಾಗುವದು. ಮನೆಯ ಹೆಣ್ಣುಮಕ್ಕಳನ್ನೂ ಕೂಡ್ರಿಸಿಕೊಂಡು ವಿಚಾರ ಮಾಡತಕ್ಕದ್ದು. ಹಯನದ ಲೆಕ್ಕವೆಲ್ಲ ಬಹುತರ ಅವರ ಕೈಯಲ್ಲಿಯೇ ಇರುವದು.

ಕೊನೆಯಲ್ಲಿ ಗ್ರಾಮದ ಮುಖಂಡರಲ್ಲಿ ಒಂದು ಮಾತು. ಹೊಲವಿದ್ದವನು ನಾಳೆ ಇನ್ನೊಬ್ಬರ ಹೊಲದಲ್ಲಿ ಸಂಬಳಕ್ಕೆ ನಿಲ್ಲಲು ನಾಚುವನು. ಈ ನಾಚಿಕೆಯೇ ಎಷ್ಟೋ ಜನರನ್ನು ಪರಊರಿನ ಕೂಲಿಗೆ ಅಟ್ಟುವದು. ತಾವಾಗಿಯೇ ಕರೆದು, ಆಳೆಂದು ಎಣಿಸದೆ ಅನುಭವಿಯೆಂದು ಗೌರವಿಸಿ ಕೆಲಸ ಕೊಟ್ಟರೆ ಆ ನಾಚಿಕೆಯು ಹೋಗುವದು. ಪ್ರತಿಯೊಂದು ಗ್ರಾಮದಲ್ಲಿಯೂ ಭೂಮಿ ಹೋದ ನಡುವಯಸ್ಸಿನವರು ಯಾರಾರು, ಅವರಿಗೆ ಯಾವ ಯಾವ ಕೆಲಸ ಬರುತ್ತದೆ, ಹೊಸದಾಗಿ ನೀರು ಬಂದ ಹೊಲಗಳು ಯಾರಾರವು ಎಂಬ ಎರಡು ಯಾದಿಗಳನ್ನು ಬರೆಯಿಸಿ, ಬರುವ ಹಿಂಗಾರಿ ಬಿತ್ತಿಗೆಯ ಮುಂಚೆ ಅಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ವಿಜ್ಞಾಪನೆ.