ಪಿಎಚ್‌ಡಿ ಬಿಡಲೇ, ಮುಂದುವರಿಸಲೇ?

ಪ್ರಶ್ನೆ: ನಾನು ಕುಂದಾಪುರದವಳು. ಕೇರಳದ ವಿಳಿಂಜಂನಲ್ಲಿದ್ದುಕೊಂಡು ಮೀನುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಇದು ಮೂರನೇ ವರ್ಷ. ಪ್ರಯೋಗಾಲಯಕ್ಕೆ ಹೋಗಲು ಮನಸ್ಸೇ ಬರುವುದಿಲ್ಲ. ಬಿಟ್ಟುಬಿಡಲೇ?

ಉತ್ತರ: ಇದನ್ನು ಸೋಮಾರಿತನ ಎಂದುಕೊಳ್ಳಬೇಡಿ. ಆರಂಭದ ಹುರುಪು ಇಳಿದಿದೆ, ಪ್ರಬಂಧದ ಕೊನೆ ಇನ್ನೂ ಕಾಣುತ್ತಿಲ್ಲ. ಇಷ್ಟು ದಣಿದಿರುವಾಗ ದೊಡ್ಡ ತೀರ್ಮಾನ ಬೇಡ.

ಸಮಯವಿದೆ. ಯುಜಿಸಿಯ 2022ರ ನಿಯಮದಂತೆ ಪಿಎಚ್‌ಡಿಗೆ 6 ವರ್ಷ ಅವಕಾಶ. ಮರುನೋಂದಣಿಯಿಂದ ಇನ್ನೂ 2 ವರ್ಷ, ಮಹಿಳೆಯರಿಗೆ ಮತ್ತೆ 2 ವರ್ಷ ಸಿಗಬಹುದು. ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ಹಾಜರಾಗುತ್ತೀರಲ್ಲ, ಅಲ್ಲಿ ಕೆಲಸ ಎಲ್ಲಿ ಸಿಕ್ಕಿಕೊಂಡಿದೆ ಎಂದು ಬಾಯಿಬಿಟ್ಟು ಹೇಳಿ.

ಒಂದು ಬೆಳಿಗ್ಗೆ ಮೀನುಗಾರಿಕೆ ಬಂದರಿಗೆ ಹೋಗಿ. ಮುಂಗಾರಿನಲ್ಲಿ ಬೇರೆ ಊರಿನ ದೋಣಿಗಳೂ ವಿಳಿಂಜಂನ ಕೊಲ್ಲಿಗೆ ಬಂದು, ಇಲ್ಲಿಂದಲೇ ಕಡಲಿಗಿಳಿಯುತ್ತವೆ. ಬುಟ್ಟಿಯ ಮೀನು ಕಂಡಾಗ ನಿಮ್ಮಲ್ಲಿ ಪ್ರಶ್ನೆ ಏಳುತ್ತದೆಯೇ? ಎದ್ದರೆ ವಿಷಯದ ಪ್ರೀತಿ ಉಳಿದಿದೆ. ಕೆಲಸದ ಕ್ರಮ ಬದಲಿಸಿ, ದಿನಕ್ಕೊಂದು ಪ್ಯಾರಾ ಬರೆಯಿರಿ. ಆರು ತಿಂಗಳ ನಂತರವೂ ಏನೂ ಅನ್ನಿಸದಿದ್ದರೆ ಬಿಡಿ, ಅದು ಸೋಲಲ್ಲ.

ಊಟ, ನಿದ್ದೆ ಕೆಟ್ಟಿದ್ದರೆ ಮಾತ್ರ ಕಾಯಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಇಂದೇ ಕರೆ ಮಾಡಿ. ಕನ್ನಡದಲ್ಲೂ ನೆರವು ಸಿಗುತ್ತದೆ.